ಮಣೆಯ ಮೇಲಣ ಗೂಢಸಂಚಾರ: ‘ಹಿಟ್‌ಮನ್ ಗೋ’ ಆಟವೂ ಅದರ ವಿಮರ್ಶಕರೂ

೧

ದೊಡ್ಡದೊಂದು ಕೃತಿಯನ್ನು ಕಿರಿದುಮಾಡಿ ಹೊಸ ಕೃತಿಯನ್ನು ಕಟ್ಟಿದಾಗ ವಿಮರ್ಶಕನ ಎದುರಿಗೆ ಎರಡು ಸುಲಭವಾದ ದಾರಿಗಳು ತೆರೆದುಕೊಳ್ಳುತ್ತವೆ. ಮೂಲದಲ್ಲಿದ್ದುದರಲ್ಲಿ ಏನೇನು ಇಲ್ಲಿ ಉಳಿದಿಲ್ಲವೆಂದು ಎಣಿಸುತ್ತ ಹೋಗುವುದು ಒಂದು. ಕಿರಿದಾಗಿರುವುದನ್ನೇ ಗುಣವೆಂದು ಬಗೆದು ಕೊಂಡಾಡುವುದು ಮತ್ತೊಂದು. ಮೊದಲನೆಯದರಲ್ಲಿ ಕೃತಿಗೆ ಅನ್ಯಾಯವಾಗುತ್ತದೆ. ಎರಡನೆಯದರಲ್ಲಿ ವಿಮರ್ಶೆಗೇ ಅನ್ಯಾಯವಾಗುತ್ತದೆ. ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು, ಉಳಿದುದು ತಾನೇ ಒಂದು ಅಂಗಿಯಾಗಿ ಕೂಡಿ ನಿಂತಿತೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದಲ್ಲದೆ ಸಂಗ್ರಹಕೃತಿಯ ಬೆಲೆ ತಿಳಿಯದು.

ಈ ಮಾತಿಗೆ ನಿದರ್ಶನವಾಗಿ ವಿಡಿಯೋ ಆಟಗಳ ಕ್ಷೇತ್ರದಿಂದ ‘ಹಿಟ್‌ಮನ್ ಗೋ’ ಎಂಬುದನ್ನು ತೆಗೆದುಕೊಳ್ಳಬಹುದು. ಡೆನ್ಮಾರ್ಕಿನ ಐ.ಓ. ಇಂಟರಾಕ್ಟಿವ್ ಸಂಸ್ಥೆ ೨೦೦೦ದಲ್ಲಿ ಆರಂಭಿಸಿದ ‘ಹಿಟ್‌ಮನ್’ ಮಾಲೆಯ ನಾಯಕ ಕೂಲಿಗೆ ಕೊಲೆ ಮಾಡುವ ಬೋಳುತಲೆಯ ಏಜೆಂಟ್ ೪೭. ಈ ಮಾಲೆಯ ದೊಡ್ಡ ಆಟವೊಂದನ್ನು ರಚಿಸುವುದಕ್ಕೆಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸ್ಕ್ವೇರ್ ಎನಿಕ್ಸ್ ಮಾಂಟ್ರಿಯಲ್ ಎಂಬ ಶಾಖೆ ಹುಟ್ಟಿತು. ಆ ಯೋಜನೆ ಕೈಬಿಟ್ಟುಹೋದ ಬಳಿಕ ಶಾಖೆಯವರು ಕೈಫೋನಿನ ಆಟಗಳ ಕಡೆಗೆ ತಿರುಗಿದರು. ೨೦೧೪ರ ಏಪ್ರಿಲ್ ತಿಂಗಳಲ್ಲಿ ಐಫೋನ್, ಐಪ್ಯಾಡ್‌ಗಳಿಗೆ, ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೆ, ೨೦೧೬ರಲ್ಲಿ ಪ್ಲೇಸ್ಟೇಷನ್ ಯಂತ್ರಗಳಿಗೆ ಈ ಆಟ ಬಂದಿತು. ದೊಡ್ಡ ಆಟವನ್ನು ಕಟ್ಟಬೇಕೆಂದು ಕೂಡಿದ್ದವರ ಕೈಯಿಂದಲೇ ಕಿರಿದಾದ ಈ ಆಟ ಹೊರಟಿತೆಂಬುದು ಗಮನಾರ್ಹ.

೨

ಆಟದ ಸ್ವರೂಪವನ್ನು ಮೊದಲು ಹೇಳಬೇಕು. ಪರದೆಯ ಮೇಲೆ ಕಾಣುವುದು ಒಂದು ಮಣೆ. ಅದರ ಮೇಲೆ ಭವನವೋ ಉದ್ಯಾನವೋ ವಿಮಾನನಿಲ್ದಾಣವೋ ಬೊಂಬೆಯ ಅಳತೆಯಲ್ಲಿ ಜೋಡಿಸಿದೆ. ಮನೆಗಳೆಂಬ ಬಿಂದುಗಳನ್ನು ಗೆರೆಗಳು ಕೂಡಿಸುತ್ತವೆ. ಏಜೆಂಟ್ ೪೭ ಪೀಠದ ಮೇಲೆ ನಿಂತ ಕಾಯಿ, ಕಾವಲುಗಾರರೂ ಕಾಯಿಗಳೇ. ಆಟಗಾರ ಒಂದು ಮನೆ ನಡೆದರೆ ಕಾವಲುಗಾರರೂ ತಮ್ಮ ನಡೆಯನ್ನು ಮುಗಿಸುತ್ತಾರೆ. ನೀಲಿಯ ಕಾವಲುಗಾರ ನಿಂತಲ್ಲಿಯೇ ನಿಂತು ಒಂದು ದಿಕ್ಕನ್ನು ನೋಡುತ್ತಾನೆ. ಹಳದಿಯವನು ಗೆರೆಯುದ್ದಕ್ಕೂ ನಡೆದು ಕೊನೆಯಲ್ಲಿ ಹಿಂದಿರುಗುತ್ತಾನೆ. ಮತ್ತೊಬ್ಬನು ಸರದಿಗೊಮ್ಮೆ ಹಿಂದುಮುಂದಾಗಿ ತಿರುಗುತ್ತಾನೆ. ಕಾವಲುಗಾರನ ಮುಂದಣ ಮನೆಯಲ್ಲಿ ಕಾಲಿಟ್ಟರೆ ಆಟ ಮುಗಿದಂತೆ. ಅವನ ಪಕ್ಕದಿಂದ ಅಥವಾ ಹಿಂದಿನಿಂದ ಅವನ ಮನೆಯನ್ನು ಹೊಕ್ಕರೆ ಅವನು ಬೀಳುತ್ತಾನೆ. ಬಿದ್ದ ಕಾಯಿಯನ್ನು ಚದುರಂಗದಲ್ಲಿ ಮಾಡುವಂತೆ ಮಣೆಯ ಅಂಚಿನಾಚೆ ಇಡಲಾಗುತ್ತದೆ. ಅಡಗುವುದಕ್ಕೆ ಹೂಕುಂಡ, ಸದ್ದುಮಾಡಿ ಕಾವಲುಗಾರರನ್ನು ಬೇರೆಡೆಗೆ ಸೆಳೆಯುವುದಕ್ಕೆ ಕಲ್ಲು, ಕಣ್ತಪ್ಪಿಸುವುದಕ್ಕೆ ವೇಷ, ಮಣೆಯ ಕೆಳಗೆ ಸಾಗುವ ಗುಪ್ತದ್ವಾರ ಇವೇ ಮೊದಲಾದ ಸಾಧನಗಳು. ಸಂಭಾಷಣೆಯಿಲ್ಲ, ಕಥಾನಿರೂಪಣೆಯಿಲ್ಲ. ಹಲಗೆಗಳ ಗುಂಪುಗಳನ್ನು ಹಳೆಯ ಕಾಲದ ಆಟದ ಪೆಟ್ಟಿಗೆಗಳಂತೆ ಚಿತ್ರಿಸಿದೆ.

ಕನ್ನಡನಾಡಿನ ಆಡು-ಹುಲಿಯ ಆಟವನ್ನು ಬಲ್ಲವರಿಗೆ ಗೆರೆಯ ಮೇಲೆ ಕಾಯಿ ನಡೆಸುವ ಈ ಕ್ರಮ ಅಪರಿಚಿತವಾಗಿ ತೋರದು. ಆದರೆ ಭೇದವೊಂದುಂಟು. ಆಡು-ಹುಲಿಯಲ್ಲಿ ಎದುರಾಳಿ ಯೋಚಿಸುತ್ತಾನೆ; ಇಲ್ಲಿ ಎದುರಾಳಿ ಕಟ್ಟಳೆಯಂತೆ ಚಲಿಸುತ್ತಾನೆ. ಆದುದರಿಂದ ಇದು ಚದುರಂಗದ ಪಂದ್ಯಕ್ಕಿಂತ ಚದುರಂಗದ ಸಮಸ್ಯೆಗೆ ಹತ್ತಿರವಾದುದು.

೩

ಆಟ ಪ್ರಕಟವಾಗುವುದೆಂಬ ವಾರ್ತೆ ಬಂದಾಗ ಸಂಶಯವೇ ಹೆಚ್ಚಾಗಿತ್ತು. ವಿಸ್ತಾರವಾದ ಲೋಕದಲ್ಲಿ ಸ್ವೇಚ್ಛೆಯಾಗಿ ಸಂಚರಿಸುವ ಕೊಲೆಗಡುಕನನ್ನು ಮಣೆಯ ಕಾಯಿಯಾಗಿಸಿ ಫೋನಿನಲ್ಲಿ ಮಾರುವುದು ವ್ಯಾಪಾರದ ಯುಕ್ತಿಯಿರಬೇಕೆಂದು ಅನೇಕರು ಭಾವಿಸಿದರು. ಆಟ ಕೈಗೆ ಬಂದಮೇಲೆ ಸಂಶಯ ಅಚ್ಚರಿಯಾಗಿ ಮಾರ್ಪಟ್ಟಿತು. ವಿಮರ್ಶೆಗಳ ಅಂಕಗಳನ್ನು ಕೂಡಿಸಿ ಸರಾಸರಿ ಕಟ್ಟುವ ಮೆಟಾಕ್ರಿಟಿಕ್‌ನಲ್ಲಿ ಐಫೋನ್ ಆವೃತ್ತಿಗೆ ನೂರಕ್ಕೆ ೮೦ರ ಆಸುಪಾಸಿನ ಗಣನೆ ದೊರೆಯಿತು.

ವಿಮರ್ಶಕರ ಮೆಚ್ಚುಗೆಯಲ್ಲಿ ಎರಡು ಅಂಶಗಳು ಮತ್ತೆ ಮತ್ತೆ ಕಾಣಬರುತ್ತವೆ. ನೋಟದ ಮಿತವ್ಯಯ ಮನೋಹರವಾಗಿದೆಯೆಂಬುದು ಒಂದು. ಮೂಲದ ಮಾಲೆಯ ಸಾರವನ್ನು ಭಟ್ಟಿಯಿಳಿಸಿದಂತಿದೆಯೆಂಬುದು ಇನ್ನೊಂದು. ಆಕ್ಷೇಪಗಳೂ ಎರಡು. ಬಿಡಿಸುವ ದಾರಿ ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿದ್ದು, ಆಟಗಾರನ ಸ್ವಾತಂತ್ರ್ಯ ಕಡಿಮೆ ಎಂಬುದು ಒಂದು. ಆಟವನ್ನು ಕೊಂಡವನಿಂದಲೇ ಸುಳಿವುಗಳಿಗಾಗಿ ಮತ್ತೆ ಹಣ ಕೇಳುವುದು ಸರಿಯಲ್ಲವೆಂಬುದು ಇನ್ನೊಂದು. ಈ ನಾಲ್ಕೂ ಅಭಿಪ್ರಾಯಗಳಲ್ಲಿ ಸತ್ಯವಿದೆ. ಆದರೆ ಇವುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು, ಗುಣದ ಕಡೆಗೆ ಇಷ್ಟು, ದೋಷದ ಕಡೆಗೆ ಇಷ್ಟು ಎಂದು ತೂಗಿ ಅಂಕವನ್ನು ನಿರ್ಣಯಿಸುವ ಪದ್ಧತಿಯಲ್ಲಿ ಅವುಗಳ ಪರಸ್ಪರ ಸಂಬಂಧ ಮರೆಯಾಗಿಬಿಟ್ಟಿದೆ. ಮೇಲಾಗಿ, ನಿರೀಕ್ಷೆ ಕೆಳಗಿದ್ದುದರಿಂದ ಹುಟ್ಟಿದ ಅಚ್ಚರಿ ಕೆಲವೆಡೆ ತಾನೇ ಒಂದು ಪ್ರಮಾಣವಾಗಿ ನಿಂತಿದೆ. ಅಚ್ಚರಿ ಓದುಗನಿಗೆ ಸಂಬಂಧಿಸಿದ್ದು. ಕೃತಿಯ ಗುಣ ಕೃತಿಗೆ ಸಂಬಂಧಿಸಿದ್ದು.

೪

‘ಸಾರ’ವೆಂಬ ಮಾತನ್ನು ಮೊದಲು ಪರಿಶೀಲಿಸತಕ್ಕದ್ದು. ಗೂಢಸಂಚಾರದ ಆಟಗಳಿಗೆ ದೀರ್ಘವಾದ ಪರಂಪರೆಯಿದೆ. ಜಪಾನಿನ ಹಿಡಿಯೊ ಕೊಜಿಮಾ ರಚಿಸಿದ ‘ಮೆಟಲ್ ಗಿಯರ್’ ೧೯೮೭ರಲ್ಲಿಯೂ ಅಮೆರಿಕದ ‘ಥೀಫ್’ ೧೯೯೮ರಲ್ಲಿಯೂ ಬಂದುವು. ‘ಥೀಫ್’ ಆಟದಲ್ಲಿ ಕತ್ತಲೆಯೂ ಹೆಜ್ಜೆಯ ಸಪ್ಪಳವೂ ಆಟಗಾರನಿಗೆ ಆಯುಧಗಳಾದುವು. ಅಲ್ಲಿನ ಅನುಭವದ ಮೂಲ ಅರೆತಿಳಿವು. ಗೋಡೆಯ ಆಚೆ ಯಾರಿರುವರೋ, ಬಾಗಿಲು ಯಾವಾಗ ತೆರೆಯುವುದೋ ತಿಳಿಯದು. ಆ ತಿಳಿಯದಿರುವಿಕೆಯೇ ಭಯಕ್ಕೆ ವಿಭಾವ.

‘ಹಿಟ್‌ಮನ್ ಗೋ’ ಆಟದಲ್ಲಿ ತಿಳಿಯದುದು ಯಾವುದೂ ಇಲ್ಲ. ಮಣೆಯೆಲ್ಲ ಕಣ್ಣೆದುರಿಗಿದೆ. ಪ್ರತಿಯೊಬ್ಬ ಕಾವಲುಗಾರನ ಮುಂದಣ ನಡೆಯನ್ನು ಲೆಕ್ಕಹಾಕಬಹುದು. ಕಾಲದ ಒತ್ತಡವೂ ಇಲ್ಲ. ಆಟಗಾರ ಯೋಚಿಸುವವರೆಗೆ ಲೋಕ ಕಾಯುತ್ತದೆ. ಹೀಗಿರಲಾಗಿ ಇದು ಗೂಢಸಂಚಾರದ ಸಾರವೆಂಬ ಮಾತನ್ನು ಒಪ್ಪುವುದು ಹೇಗೆ? ಇದಕ್ಕೆ ಸಮಾಧಾನವಿದೆ. ‘ಹಿಟ್‌ಮನ್’ ಮಾಲೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಜನರ ಚಲನವಲನವನ್ನು ತಾಳ್ಮೆಯಿಂದ ನೋಡಿ ಅದರೊಳಗಣ ಕ್ರಮವನ್ನು ಕಂಡುಹಿಡಿಯುವುದು ಒಂದು ಎಳೆ. ಅನಿರೀಕ್ಷಿತವೊದಗಿದಾಗ ಕೈಗೆ ಸಿಕ್ಕಿದ ಉಪಾಯದಿಂದ ಪಾರಾಗುವುದು ಇನ್ನೊಂದು. ಕಿರಿದುಮಾಡಿದವರು ಮೊದಲನೆಯದನ್ನು ಪೂರ್ಣವಾಗಿ ಉಳಿಸಿಕೊಂಡು ಎರಡನೆಯದನ್ನು ಪೂರ್ಣವಾಗಿ ಬಿಟ್ಟರು. ಭಯ ಹೋಯಿತು, ಮುಂದಾಲೋಚನೆ ಉಳಿಯಿತು.

ರನ್ನನು ಭಾರತದ ಕಥೆಯಲ್ಲಿ ಗದಾಯುದ್ಧವೊಂದನ್ನು ಆರಿಸಿಕೊಂಡು ಸಿಂಹಾವಲೋಕನ ಕ್ರಮದಿಂದ ಉಳಿದ ಕಥೆಯನ್ನು ಅದರೊಳಗೆ ತಂದನು. ಅವನ ಕಾವ್ಯದಲ್ಲಿ ಭಾರತದ ಎಲ್ಲ ಉಪಾಖ್ಯಾನಗಳನ್ನೂ ಹುಡುಕುವವನು ಮೂರ್ಖನೆನಿಸುವನು. ಆದರೆ ಭಾರತವೆಲ್ಲವೂ ಅಲ್ಲಿ ಇಳಿದುಬಂದಿದೆಯೆನ್ನುವವನೂ ಎಚ್ಚರದಿಂದ ಮಾತಾಡಿದಂತಾಗದು. ಆಯ್ಕೆಯೇ ಅರ್ಥವೆಂಬುದನ್ನು ಇಬ್ಬರೂ ಮರೆತಿದ್ದಾರೆ. ಸಂಗ್ರಹವೆಂದರೆ ಒಂದು ತೀರ್ಪು. ‘ಹಿಟ್‌ಮನ್ ಗೋ’ ಮೂಲದ ಮಾಲೆಯನ್ನು ಕುರಿತು ಕೊಟ್ಟ ತೀರ್ಪು ಇದು: ಆ ಆಟಗಳ ಸುಖದಲ್ಲಿ ಮುಖ್ಯವಾದುದು ಕೊಲೆಯೂ ಅಲ್ಲ, ಭಯವೂ ಅಲ್ಲ, ಕ್ರಮವನ್ನು ಕಂಡುಕೊಳ್ಳುವ ಬುದ್ಧಿಯ ಸುಖ.

ಹೀಗೆ ನೋಡಿದರೆ ಮೆಚ್ಚುಗೆಯೂ ಆಕ್ಷೇಪವೂ ಒಂದೇ ಬೇರಿನಿಂದ ಹುಟ್ಟಿದುವೆಂಬುದು ಸ್ಪಷ್ಟವಾಗುತ್ತದೆ. ಅನಿಶ್ಚಿತತೆಯನ್ನು ತೆಗೆದುಹಾಕಿದುದರಿಂದಲೇ ಆಟ ತಿಳಿಯಾಯಿತು. ತೆಗೆದುಹಾಕಿದುದರಿಂದಲೇ ದಾರಿ ಇಕ್ಕಟ್ಟಾಯಿತು. ತಿಳಿಯನ್ನು ಹೊಗಳಿ ಇಕ್ಕಟ್ಟನ್ನು ತೆಗಳುವ ವಿಮರ್ಶಕನು ಒಂದೇ ನಾಣ್ಯದ ಒಂದು ಮುಖಕ್ಕೆ ಬೆಲೆ ಕೊಟ್ಟು ಇನ್ನೊಂದನ್ನು ಹಿಂದಿರುಗಿಸಲು ಹೊರಟಂತಾಗುತ್ತದೆ.

ಇಕ್ಕಟ್ಟಿನ ಆಕ್ಷೇಪಕ್ಕೆ ಆಟದೊಳಗೇ ಒಂದು ಉತ್ತರವೂ ಇದೆ. ಹಲಗೆಯನ್ನು ದಾಟುವ ಮುಖ್ಯ ಗುರಿಯ ಜೊತೆಗೆ ಉಪಗುರಿಗಳನ್ನು ಇಟ್ಟಿದೆ: ಪೆಟ್ಟಿಗೆಯನ್ನು ಎತ್ತಿಕೊಳ್ಳುವುದು, ಗೊತ್ತಾದ ನಡೆಗಳೊಳಗೆ ಮುಗಿಸುವುದು, ಯಾರನ್ನೂ ಕೊಲ್ಲದೆ ಹೋಗುವುದು, ಕಾವಲುಗಾರರೆಲ್ಲರನ್ನೂ ಬೀಳಿಸುವುದು. ಇವುಗಳಲ್ಲಿ ಎರಡನ್ನು ಒಂದೇ ಸಲಕ್ಕೆ ಸಾಧಿಸಲಾಗದ ಹಲಗೆಗಳುಂಟು. ಆಗ ಆಟಗಾರನು ಅದೇ ಮಣೆಗೆ ಬೇರೊಂದು ಮನಸ್ಸಿನಿಂದ ಹಿಂದಿರುಗಬೇಕಾಗುತ್ತದೆ. ಹಿಂದೆ ದಾರಿಯಾಗಿದ್ದ ಮನೆ ಈಗ ಅಡ್ಡಿಯಾಗುತ್ತದೆ. ಒಂದೇ ಪದ್ಯವನ್ನು ಬೇರೆ ಅನ್ವಯದಿಂದ ಓದಿದಾಗ ಬೇರೆ ಅರ್ಥ ಹೊಳೆಯುವಂತೆ ಒಂದೇ ವಿನ್ಯಾಸ ಎರಡು ಸಮಸ್ಯೆಗಳನ್ನು ಹೊತ್ತಿದೆ. ಸ್ವಾತಂತ್ರ್ಯವನ್ನು ಅಗಲದಲ್ಲಿ ಕಳೆದುಕೊಂಡ ಆಟ ಅದರಲ್ಲಿ ಸ್ವಲ್ಪವನ್ನು ಆಳದಲ್ಲಿ ಗಳಿಸಿಕೊಂಡಿದೆ. ವಿಮರ್ಶೆಗಳು ಹೆಚ್ಚಾಗಿ ನಿಲ್ಲಬೇಕಾಗಿದ್ದುದು ಈ ಸ್ಥಳದಲ್ಲಿ.

೫

ನೋಟದ ಹೊಗಳಿಕೆಗೂ ಇದೇ ಬಗೆಯ ವಿವೇಚನೆ ಬೇಕು. ಬೊಂಬೆಯ ರೂಪ ಅಲಂಕಾರ ಮಾತ್ರವೆಂದು ಬಗೆದವರು ಅದನ್ನು ಸೊಗಸೆಂದು ಹೇಳಿ ಮುಂದೆ ಹೋಗುತ್ತಾರೆ. ವಾಸ್ತವವಾಗಿ ಅದು ಆಟದ ವ್ಯಾಕರಣ. ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ ೨೦೦೫ರಲ್ಲಿ ಪ್ರಕಟಿಸಿದ ‘ಹಾಫ್-ರಿಯಲ್’ ಗ್ರಂಥದಲ್ಲಿ, ವಿಡಿಯೋ ಆಟದ ನಿಯಮಗಳು ನಿಜವಾದುವು, ಅದರ ಲೋಕ ಮಾತ್ರ ಕಲ್ಪಿತವೆಂದು ಪ್ರತಿಪಾದಿಸಿದನು. ಸಾಮಾನ್ಯವಾದ ಆಟಗಳಲ್ಲಿ ಇವೆರಡಕ್ಕೂ ಜಗಳವುಂಟು. ಮನುಷ್ಯನಂತೆ ಕಾಣುವ ಕಾವಲುಗಾರ ಎರಡು ಮಾರು ದೂರದಲ್ಲಿರುವವನನ್ನು ಕಾಣದೆ ಹೋದರೆ ಅಸಂಭಾವ್ಯವೆಂದು ತೋರುತ್ತದೆ. ಪೀಠದ ಮೇಲೆ ನಿಂತ ಕಾಯಿ ಎರಡು ಮನೆ ಆಚೆಗೆ ನೋಡದಿದ್ದರೆ ಯಾರೂ ಪ್ರಶ್ನಿಸರು. ಕಾಯಿಯ ಧರ್ಮವೇ ಅಷ್ಟು. ಹೀಗೆ ರೂಪ ನಿಯಮಕ್ಕೆ ಸಾಕ್ಷಿಯಾಗಿ ನಿಂತಿದೆ. ಔಚಿತ್ಯವೆಂದು ಆಲಂಕಾರಿಕರು ಕರೆದುದು ಇದನ್ನೇ.

ಕೊಲೆಯ ವಿಷಯದಲ್ಲಿ ಎರಡು ಬಗೆಯಾಗಿ ವಾದಿಸಬಹುದು. ರಕ್ತವಿಲ್ಲದ, ಕಾಯಿ ಉರುಳುವ ಸದ್ದು ಮಾತ್ರವಿರುವ ಈ ಕೊಲೆ ಹಿಂಸೆಯನ್ನು ಸಹ್ಯವಾಗಿಸಿತೆಂಬುದು ಒಂದು. ದೊಡ್ಡ ಆಟಗಳಲ್ಲಿಯೂ ಜನರು ಕಾಯಿಗಳೇ ಆಗಿದ್ದರೆಂಬುದನ್ನು ಇದು ಬಯಲಿಗೆಳೆಯಿತೆಂಬುದು ಇನ್ನೊಂದು. ಎರಡನೆಯ ವಾದ ಆಕರ್ಷಕವಾದರೂ ಕೃತಿ ಗಳಿಸದ ಪುಣ್ಯವನ್ನು ಕೃತಿಗೆ ಕಟ್ಟುತ್ತದೆ. ಯಾರನ್ನೂ ಕೊಲ್ಲದಿರುವುದೂ ಎಲ್ಲರನ್ನೂ ಕೊಲ್ಲುವುದೂ ಇಲ್ಲಿ ಸಮಾನವಾದ ಗುರಿಗಳು, ಎರಡಕ್ಕೂ ಬಹುಮಾನವುಂಟು. ಕೊಲೆಯ ಬೆಲೆಯನ್ನು ಈ ಆಟ ನಡೆಗಳಲ್ಲಿ ಎಣಿಸುತ್ತದೆಯೇ ಹೊರತು ಪಾಪದಲ್ಲಿ ಎಣಿಸುವುದಿಲ್ಲ. ಅದು ಕ್ಷಮಿಸಿಯೂ ಇಲ್ಲ, ಖಂಡಿಸಿಯೂ ಇಲ್ಲ. ಮಣೆಯ ಅಂಚಿನಲ್ಲಿ ಸಾಲಾಗಿ ನಿಂತ ಕಾಯಿಗಳನ್ನು ಕಂಡು ಒಬ್ಬ ಆಟಗಾರನ ಮನಸ್ಸು ಮುದುಡಬಹುದು. ಅದು ಅವನ ಸಂಸ್ಕಾರ. ಅದನ್ನು ಧ್ವನಿಯೆಂದು ಕರೆಯಬೇಕಾದರೆ ಕೃತಿಯೊಳಗೆ ವ್ಯಂಜಕವೊಂದನ್ನು ತೋರಿಸಬೇಕು.

ಸುಳಿವುಗಳ ಮಾರಾಟವನ್ನು ವಿಮರ್ಶಕರು ವ್ಯಾಪಾರದ ದೋಷವೆಂದು ಎಣಿಸಿ ಕೃತಿಯಿಂದ ಹೊರಗಿಟ್ಟರು. ಅದು ಕೃತಿಯ ಒಳಗಣ ದೋಷವೇ. ಪ್ರತಿಯೊಂದು ನಡೆಯನ್ನೂ ಎಣಿಸಿ, ಅನಾವಶ್ಯಕವಾದುದೆಲ್ಲವನ್ನೂ ತೊಲಗಿಸಿ, ಯೋಚನೆಯೊಂದನ್ನೇ ಸುಖವಾಗಿ ಉಳಿಸಿಕೊಂಡ ಆಟದಲ್ಲಿ ಯೋಚನೆಗೆ ಬದಲಾಗಿ ಹಣವನ್ನು ಒಪ್ಪುವುದು ತನ್ನ ನಿಯಮವನ್ನು ತಾನೇ ಮುರಿದಂತೆ.

೬

ಮುಂದಣ ಕಥೆ ಸಂಕ್ಷೇಪವಾದುದು. ಇದೇ ಕ್ರಮದಲ್ಲಿ ೨೦೧೫ರಲ್ಲಿ ‘ಲಾರಾ ಕ್ರಾಫ್ಟ್ ಗೋ’, ೨೦೧೬ರಲ್ಲಿ ‘ಡೀಯಸ್ ಎಕ್ಸ್ ಗೋ’ ಬಂದುವು. ಅವುಗಳಲ್ಲಿ ಮೊದಲನೆಯದು ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ಆ ವರ್ಷದ ಕೈಯಾಟಗಳ ಪುರಸ್ಕಾರವನ್ನು ಪಡೆಯಿತು. ೨೦೨೨ರಲ್ಲಿ ಶಾಖೆ ಬೇರೊಂದು ಕಂಪನಿಯ ಕೈಸೇರಿ, ಹೊಸ ಹೆಸರನ್ನು ತಳೆದು, ಅದೇ ವರ್ಷದ ನವೆಂಬರಿನಲ್ಲಿ ಮುಚ್ಚುವ ನಿರ್ಧಾರಕ್ಕೆ ಗುರಿಯಾಯಿತು. ೨೦೨೩ರ ಜನವರಿಯಲ್ಲಿ ‘ಡೀಯಸ್ ಎಕ್ಸ್ ಗೋ’ ಆಟವನ್ನು ಹಿಂತೆಗೆದುಕೊಳ್ಳಲಾಯಿತು.

ಈ ಕೊನೆಯ ಸಂಗತಿಯಲ್ಲಿ ವಿಮರ್ಶೆಯ ಕರ್ತವ್ಯವನ್ನು ಕುರಿತ ಪಾಠವೊಂದು ಅಡಗಿದೆ. ಕವಿರಾಜಮಾರ್ಗ ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತಾದಿಗಳ ಗದ್ಯಕೃತಿಗಳು ಇಂದು ದೊರೆಯವು. ಅವರ ಹೆಸರುಗಳು ಮಾತ್ರ ಉಳಿದುವು. ಅವರ ಗದ್ಯ ಹೇಗಿತ್ತೆಂದು ವಿವರಿಸುವ ನಾಲ್ಕು ವಾಕ್ಯಗಳು ಸಿಕ್ಕಿದ್ದರೆ ಕನ್ನಡ ಸಾಹಿತ್ಯದ ಚರಿತ್ರೆಯ ಮೊದಲ ಅಧ್ಯಾಯವೇ ಬೇರೆಯಾಗುತ್ತಿತ್ತು. ಓಲೆಯ ಗರಿಗಳಿಗೆ ನಶಿಸಲು ಶತಮಾನಗಳು ಬೇಕಾದುವು. ಯಂತ್ರದ ಆಟ ಒಂದೇ ದಶಕದೊಳಗೆ ಕಣ್ಮರೆಯಾಗಬಲ್ಲುದು. ಆಡಲಾಗದ ಆಟಕ್ಕೆ ಅದರ ವಿಮರ್ಶೆಯೇ ಶಾಸನ. ‘ಸೊಗಸು’, ‘ಸಾರ’ ಎಂಬ ಮಾತುಗಳೂ ನೂರಕ್ಕೆ ಇಷ್ಟೆಂಬ ಅಂಕವೂ ಮುಂದಿನವರಿಗೆ ಏನನ್ನೂ ತಿಳಿಸಲಾರವು. ಕಾವಲುಗಾರನು ಎಷ್ಟು ಮನೆ ನೋಡುತ್ತಿದ್ದನು, ಬಿದ್ದ ಕಾಯಿಯನ್ನು ಎಲ್ಲಿ ಇಡುತ್ತಿದ್ದರು, ಒಂದೇ ಮಣೆಗೆ ಎರಡನೆಯ ಸಲ ಮರಳಿದವನಿಗೆ ಏನು ಕಾಣುತ್ತಿತ್ತು ಎಂಬುದನ್ನು ಬರೆದಿಟ್ಟವನ ಲೇಖನದಿಂದ ಮಾತ್ರ ಆಟವನ್ನು ಮತ್ತೆ ಊಹಿಸಿಕೊಳ್ಳಬಹುದು. ನಿರ್ಣಯ ಬದಲಾಗತಕ್ಕುದು, ನಿರೂಪಣೆ ನಿಲ್ಲತಕ್ಕುದು.