ಬಾಯಾರಿ ಬಂದ ಪ್ರಭು

ಶುಭಸಂದೇಶವು ಮಾನವನ ಅಂತರಂಗದ ದಾಹವನ್ನು ತಣಿಸುತ್ತದೆಂದು ಗುರುಗಳಾದ ನಾವು ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಆ ದಾಹ ಯಾವುದು, ಅದು ತಣಿಯುವ ಬಗೆ ಯಾವುದು ಎಂದು ಕೇಳಿಕೊಳ್ಳುವುದು ವಿರಳ. ನಮ್ಮ ಕೊಡಗನ್ನೇ ಕುರಿತ ಹಳೆಯ ಗ್ರಂಥವೊಂದು ಈ ಪ್ರಶ್ನೆಯನ್ನು ನನ್ನ ಮುಂದಿರಿಸಿತು.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಅವರ ಇಂಗ್ಲಿಷ್ ಗ್ರಂಥ 'ಕೂರ್ಗ್ ಮೆಮೊಯಿರ್ಸ್' 1855ರಲ್ಲಿ ಪ್ರಕಟವಾಯಿತು. ಹಾಲೇರಿ ಅರಸರ ಚರಿತ್ರೆ, ಕೊಡಗಿನ ಜನಜೀವನ ಮತ್ತು ಆಗಷ್ಟೇ ಮೊದಲಾಗಿದ್ದ ಮಿಷನ್ ಕಾರ್ಯ ಒಂದೇ ಹೊತ್ತಗೆಯಲ್ಲಿ ಕೂಡಿವೆ. ಈ ಜೋಡಣೆಯಲ್ಲೊಂದು ಒಳನೋಟವಿದೆ. ಅರಮನೆಯ ಸಂಶಯ, ಕೊಲೆಗಳ ನೆರಳಿನಲ್ಲಿ ಬಾಳಿದವರಿಗೆ ಬೇಕಾದುದು ಬರಿಯ ಬೋಧನೆಯಲ್ಲ, ಭಯದಿಂದ ಬಿಡುಗಡೆ. ಇದನ್ನು ಲೇಖಕರು ಅರಿತಿದ್ದಾರೆ.

ಗ್ರಂಥದ ಕೊರತೆಯೂ ಇಲ್ಲೇ ಇದೆ. ಬ್ರಿಟಿಷರು 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ನಾಡನ್ನು ವಶಪಡಿಸಿಕೊಂಡಿದ್ದರು. ಆ ಆಳ್ವಿಕೆಯ ಆಸರೆಯಲ್ಲಿ ಬರೆದ ಲೇಖಕರಿಗೆ ಕತ್ತಲೆಯೆಲ್ಲ ಇಲ್ಲಿಯದು, ಬೆಳಕೆಲ್ಲ ಹೊರಗಿನದು. ಕಾವೇರಿಗೆ ಕೈಮುಗಿಯುವ, ಕೈಮಡದಲ್ಲಿ ಹಿರಿಯರನ್ನು ನೆನೆಯುವ ಜನರ ಹಂಬಲಕ್ಕೆ ಕಿವಿಗೊಡುವ ತಾಳ್ಮೆ ಅವರಲ್ಲಿ ಸಾಲದು. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ಅದಕ್ಕೂ ಮುಂಚಿನವರನ್ನು ಆ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ, ನಿಜ. ಆದರೆ ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯ ಅವರ ಮುಂದೆಯೂ ಇತ್ತು. ಸಮಾರಿಯದ ಆ ಸ್ತ್ರೀಗೆ ಜೀವಜಲದ ಮಾತನ್ನಾಡುವ ಮುನ್ನ ಪ್ರಭು ಯೇಸು ಅವಳಲ್ಲೇ ನೀರು ಬೇಡಿದರು. ಕೊಡುವವನು ಮೊದಲು ಬೇಡುವವನಾದ. ಗ್ರಂಥದಲ್ಲಿ ನನಗೆ ಕಾಣದೆ ಹೋದದ್ದು ಈ ಬಾಯಾರಿಕೆ.

ಆದರೂ ಲೇಖಕರ ಬಾಳು ಅವರ ಬರಹಕ್ಕಿಂತ ದೊಡ್ಡದು. ಜಮೀನಿಗೆ ಕಟ್ಟುಬಿದ್ದು ಜೀತ ಮಾಡುತ್ತಿದ್ದವರಿಗಾಗಿ ಅದೇ ದಶಕದಲ್ಲಿ ಅವರು ಆನಂದಪುರವೆಂಬ ಊರನ್ನು ನೆಲೆಗೊಳಿಸಿದರು. ಮನುಷ್ಯರೆಂದು ಎಣಿಸಲ್ಪಡುವುದೇ ಆ ಜನರ ಆಳದ ದಾಹವಾಗಿತ್ತು. ದೇವರು ನನ್ನನ್ನು ಬಲ್ಲರು ಎಂಬ ಮಾತಿಗೆ ಅಲ್ಲಿ ಸೂರೂ ನೆಲವೂ ಸಾಕ್ಷಿಯಾದವು. ಗ್ರಂಥದ ಪುಟಗಳಿಗಿಂತ ಆ ಊರೇ ಶುಭಸಂದೇಶದ ಉತ್ತಮ ವ್ಯಾಖ್ಯಾನ.

ಕಥೋಲಿಕರಾದ ನಮ್ಮ ಮೂಲವನ್ನೂ ನೆನೆಯೋಣ. ಟಿಪ್ಪುವಿನ ಸೆರೆಯಿಂದ ಶ್ರೀರಂಗಪಟ್ಟಣ ಬಿಟ್ಟು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಆಶ್ರಯವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಲ್ಲಿ ತಲೆಯೆತ್ತಿತು. ಕೊಡಗಿನಲ್ಲಿ ನಾವು ಕೊಡುವವರಾಗಿ ಕಾಲಿಟ್ಟವರಲ್ಲ, ನೀರು ಬೇಡುತ್ತ ಬಂದವರು. ಅಂದು ನಮಗೆ ನೀರು ಕೊಟ್ಟ ಕೈ ನಮ್ಮ ಧರ್ಮದವರದಾಗಿರಲಿಲ್ಲ.

ಇಂದು ಝಾರ್ಖಂಡ್, ಅಸ್ಸಾಮಿನಿಂದ ಬಂದವರು ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಭಾನುವಾರದ ಬಲಿಪೂಜೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಭಾಷೆ ತಿಳಿಯದೆ, ಮೌನವಾಗಿ ಹಿಂತಿರುಗುತ್ತಾರೆ. ನನ್ನ ಪ್ರಬೋಧನೆ ಎಷ್ಟೇ ಸೊಗಸಾಗಿದ್ದರೂ ಅವರ ಹೆಸರನ್ನು ನಾನು ಕೇಳದಿದ್ದರೆ ಅದು ಆ ಗ್ರಂಥದ ಕೊರತೆಯನ್ನೇ ಮರುಕಳಿಸುತ್ತದೆ. ಓದುಗರೇ, ಮುಂದಿನ ಭಾನುವಾರ ಪೂಜೆ ಮುಗಿದೊಡನೆ ಮನೆಗೆ ಧಾವಿಸದಿರಿ. ಕೊನೆಯ ಸಾಲಿನವರ ಬಳಿ ಒಂದು ಗಳಿಗೆ ನಿಲ್ಲಿರಿ. ಅಲ್ಲಿ ಬಾಯಾರಿ ನಿಂತಿರುವವರು ಪ್ರಭುವೇ ಆಗಿರಬಹುದು.