ಸಾರ್ಕ್ ಸನ್ನದು: ಒಂದು ವಿಮರ್ಶೆ

೧೯೮೫ನೆಯ ಇಸವಿ ಡಿಸೆಂಬರಿನಲ್ಲಿ ದಕ್ಷಿಣ ಏಷ್ಯದ ಏಳು ದೇಶಗಳು ಢಾಕಾದಲ್ಲಿ ಅಂಗೀಕರಿಸಿದ ಸಾರ್ಕ್ ಸನ್ನದಿನ ಭಾಷೆಯು ಮಿತವೂ ಗಂಭೀರವೂ ಆದುದು. ಹಿರಿಕಿರಿಯ ರಾಷ್ಟ್ರಗಳನ್ನು ಸಮಾನವಾಗಿ ಎಣಿಸಿರುವುದು ಅದರ ಗುಣ. ಮರುವರ್ಷ ಬೆಂಗಳೂರಿನಲ್ಲಿ ನೆರೆದ ಎರಡನೆಯ ಶೃಂಗಸಭೆಯೂ ಇದರ ಕಟ್ಟಿಗೆ ಒಳಪಟ್ಟುದೇ. ಆದರೆ ಹತ್ತನೆಯ ವಿಧಿಯು ಸರ್ವಸಮ್ಮತಿಯನ್ನು ಕಡ್ಡಾಯಮಾಡಿ, ಎರಡೇ ದೇಶಗಳಿಗೆ ಸಂಬಂಧಿಸಿದ ವಿಷಯಗಳನ್ನೂ ವಿವಾದಾಸ್ಪದ ವಿಷಯಗಳನ್ನೂ ಚರ್ಚೆಯಿಂದ ಹೊರಗಿಟ್ಟಿದೆ. ದೋಷವಿರುವುದು ಇಲ್ಲಿಯೇ.

ಕೆರಗೋಡು ಮೊದಲಾದ ಊರುಗಳಿರುವ ಮಂಡ್ಯ ಸೀಮೆಯು ಬೇರೊಂದು ನಿದರ್ಶನವನ್ನು ಬಲ್ಲುದು. ಮೈಸೂರು, ಮದರಾಸು ಸರ್ಕಾರಗಳು ಕಾವೇರಿಯ ವ್ಯಾಜ್ಯವನ್ನೇ ಮುಂದಿಟ್ಟುಕೊಂಡು ವಾದಿಸಿದುದರಿಂದ ೧೯೨೪ರ ಒಪ್ಪಂದವಾಯಿತು. ಅದು ಮುಂದೆ ಕಲಹಕ್ಕೆ ಎಡೆಯಾದರೂ ಕನ್ನಂಬಾಡಿಯ ನೀರು ಗದ್ದೆಗಳಿಗೆ ಹರಿಯಿತು. ಸಾರ್ಕಿನ ಶೃಂಗಸಭೆಯಾದರೋ ೨೦೧೪ರಲ್ಲಿ ಕಠ್ಮಂಡುವಿನಲ್ಲಿ ನಡೆದ ಮೇಲೆ ಮತ್ತೆ ಸೇರಿಲ್ಲ. ೨೦೧೬ರ ಇಸ್ಲಾಮಾಬಾದಿನ ಸಭೆಯು ಭಾರತ-ಪಾಕಿಸ್ತಾನಗಳ ವೈಷಮ್ಯದಿಂದ ನಿಂತುಹೋಯಿತು. ವ್ಯಾಜ್ಯಕ್ಕೂ ಎಡೆಗೊಡುವಂತೆ ಈ ವಿಧಿಯನ್ನು ತಿದ್ದದ ಹೊರತು ಸನ್ನದು ಸಫಲವಾಗದೆಂದು ನಮ್ಮ ಅಭಿಪ್ರಾಯ.