ಯಂತ್ರವಿದ್ಯೆಯೂ ಧರ್ಮವಿಚಾರವೂ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಾಮಾಜಿಕ ಹೊಣೆಗಾರಿಕೆಯನ್ನು ಒಂದು ಕ್ರೆಡಿಟ್ಟಿನ ವಿಷಯವಾಗಿ ವಿಧಿಸಿರುವುದು ಶ್ಲಾಘ್ಯವೇ ಸರಿ. ಗಿಡ ನೆಡುವುದು, ಸಾವಯವ ಕೃಷಿ, ಜಲಸಂರಕ್ಷಣೆ ಮುಂತಾದ ಕಾರ್ಯಗಳು ಅದರಲ್ಲಿ ಅಡಕವಾಗಿವೆ. ಆದರೆ ಸತ್ಕಾರ್ಯವನ್ನು ಮಾಡಿಸುವುದು ಬೇರೆ. ಕಾರ್ಯಾಕಾರ್ಯವಿವೇಕವನ್ನು ಹುಟ್ಟಿಸುವುದು ಬೇರೆ. ಒಬ್ಬರ ಹಿತವು ಮತ್ತೊಬ್ಬರ ಹಾನಿಯಾದಾಗಲೇ ಧರ್ಮಜಿಜ್ಞಾಸೆಗೆ ಅವಕಾಶವುಂಟಾಗುವುದು.

ಈ ವಿವೇಕಕ್ಕೆ ನಮ್ಮ ಜನಪದ ಕಥನಗೀತವಾದ ‘ಕೆರೆಗೆ ಹಾರ’ವು ಉತ್ತಮ ಪಾಠವೆಂದು ನಮ್ಮ ಅಭಿಪ್ರಾಯ. ಅಲ್ಲಿ ಕೆರೆಯು ಊರಿಗೆ ಬೇಕಾದದ್ದು. ಕಡೆಗೆ ನೀರು ಬಂದುದೂ ನಿಜ. ಆದರೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡಲು ನಿಶ್ಚಯಿಸಿದ ಹಿರಿಯರು ಅವಳ ಸಮ್ಮತಿಯನ್ನು ಕೇಳಲಿಲ್ಲ. ಲೋಕಹಿತದ ಬೆಲೆಯನ್ನು ತೆರುವವರು ಯಾರು, ಅವರನ್ನು ಕೇಳಿದವರುಂಟೇ ಎಂಬ ಪ್ರಶ್ನೆಯೇ ಆ ಗೀತದ ಹೃದಯ.

ಕಡೂರು ಸೀಮೆಯ ಮದಗದ ಕೆರೆಯ ಏರಿಯ ಮೇಲೂ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಜಲಾಶಯದಿಂದ ಚಿತ್ರದುರ್ಗದ ಕಡೆಗೆ ನೀರನ್ನೊಯ್ಯಲು ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಕೊರೆದ ಅಜ್ಜಂಪುರದ ಸುರಂಗದ ಬಳಿಯಲ್ಲೂ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ವಿಚಾರಿಸಲಿ. ಇದಕ್ಕೆ ಸಾಹಿತ್ಯದ ಅಧ್ಯಾಪಕರ ನೆರವು ಅವಶ್ಯ. ಅಂತಹ ವಿಚಾರವಿಲ್ಲದಿದ್ದರೆ ಆ ಒಂದು ಕ್ರೆಡಿಟ್ಟು ಅಂಕಪಟ್ಟಿಯಲ್ಲಿ ಮಾತ್ರ ಉಳಿದೀತು.